ಕಡಿಯುವವರು ಮತ್ತು ಕಾಯುವವರು: ನ್ಯೂಜಿಲೆಂಡಿನ ನೆಡುತೋಪು ಉದ್ಯಮ, ಪ್ರಾದೇಶಿಕ ಮಂಡಳಿಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜಿಲೆಂಡಿನಲ್ಲಿ ಪೈನ್ ತೋಪು ಬೆಳೆಸಿ ಕಡಿಯುವ ಕಂಪನಿಗಳಿಗೂ ನದಿ, ಮಣ್ಣು, ಕರಾವಳಿಯ ಹೊಣೆ ಹೊತ್ತ ಪ್ರಾದೇಶಿಕ ಮಂಡಳಿಗಳಿಗೂ ದಿನನಿತ್ಯದ ಒಡನಾಟವಿದೆ. ಅದು ಹೇಗೆ ನಡೆಯುತ್ತದೆ, ಎಲ್ಲಿ ಮುರಿದುಬೀಳುತ್ತದೆ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಉದಾಹರಣೆಗಳು ಹೆಚ್ಚಾಗಿ ಉತ್ತರ ದ್ವೀಪದ ಪೂರ್ವ ಅಂಚಿನ ಗಿಸ್ಬರ್ನ್ ಜಿಲ್ಲೆಯವು. ದೇಶದ ಮೂಲನಿವಾಸಿಗಳಾದ ಮಾವೊರಿಗಳು ಆ ಸೀಮೆಯನ್ನು ತೈರಾಫಿಟಿ ಎನ್ನುತ್ತಾರೆ. ಬೇರೆ ಕಡೆಗಳಲ್ಲಿ ಈ ವ್ಯವಸ್ಥೆ ಹೆಚ್ಚು ಸಲೀಸಾಗಿ ನಡೆಯುತ್ತದೆ, ನಿಜ. ಆದರೆ ನೆಲ ಗಟ್ಟಿಯಿರುವ ಕಡೆ ನಿಯಮಗಳ ಬಲ ಪರೀಕ್ಷೆಗೆ ಒಳಗಾಗುವುದಿಲ್ಲ.

ಪ್ರಾದೇಶಿಕ ಮಂಡಳಿ ಎಂದರೆ ನಮ್ಮ ಜಿಲ್ಲಾ ಪಂಚಾಯಿತಿಯ ಹಾಗೆಯೇ?

ಚುನಾಯಿತ ಸಂಸ್ಥೆ ಎಂಬುದಷ್ಟೇ ಸಾಮ್ಯ. 1989ರ ಸ್ಥಳೀಯ ಆಡಳಿತ ಸುಧಾರಣೆಯಲ್ಲಿ ಇವು ಈಗಿನ ರೂಪ ಪಡೆದವು. ಆಗ ಗಡಿ ಎಳೆದವರು ಊರುಗಳನ್ನು ನೋಡುವುದಕ್ಕಿಂತ ಹೆಚ್ಚಾಗಿ ನೀರು ಯಾವ ಕಡೆ ಹರಿಯುತ್ತದೆ ಎಂಬುದನ್ನು ನೋಡಿದರು. ಹಾಗಾಗಿ ಒಂದು ಮಂಡಳಿಯ ವ್ಯಾಪ್ತಿ ಬಹುಮಟ್ಟಿಗೆ ಕೆಲವು ನದಿಗಳ ಪೂರ್ಣ ಜಲಾನಯನ ಪ್ರದೇಶವೇ ಆಗಿರುತ್ತದೆ. ಮಣ್ಣಿನ ಸಂರಕ್ಷಣೆ, ನದಿಪಾತ್ರ, ನೀರಿನ ಗುಣಮಟ್ಟ, ಪ್ರವಾಹ ನಿಯಂತ್ರಣ, ಕಳೆ ಮತ್ತು ಪೀಡೆಗಳ ಹತೋಟಿ ಇವುಗಳ ಕೆಲಸ. ಸ್ಥಳೀಯ ರಸ್ತೆ, ಕಸ, ಕಟ್ಟಡ ಪರವಾನಗಿ ಇತ್ಯಾದಿ ನಗರ ಮತ್ತು ಜಿಲ್ಲಾ ಮಂಡಳಿಗಳ ಪಾಲು.

ಇಂಥ ಪ್ರಾದೇಶಿಕ ಮಂಡಳಿಗಳು 11 ಇವೆ. ಗಿಸ್ಬರ್ನ್, ಮಾರ್ಲ್‌ಬರೋ, ಟಾಸ್ಮನ್, ನೆಲ್ಸನ್, ಆಕ್ಲೆಂಡ್‌ಗಳಲ್ಲಿ ಎರಡೂ ಕೆಲಸವನ್ನು ಒಂದೇ ಮಂಡಳಿ ಮಾಡುತ್ತದೆ. ಗಿಸ್ಬರ್ನ್ ಜಿಲ್ಲೆಯ ಜನಸಂಖ್ಯೆ 50 ಸಾವಿರದ ಆಸುಪಾಸು. ಅಷ್ಟು ಜನ ಕಟ್ಟುವ ಆಸ್ತಿ ತೆರಿಗೆಯಲ್ಲಿ ನಡೆಯುವ ಕಚೇರಿಯೊಂದು ಬಹುರಾಷ್ಟ್ರೀಯ ಮಾಲೀಕತ್ವದ ಅರಣ್ಯ ಕಂಪನಿಗಳ ಕೆಲಸವನ್ನು ತಪಾಸಣೆ ಮಾಡಬೇಕು. ಮುಂದೆ ಓದುವಾಗ ಈ ಅಳತೆಯ ವ್ಯತ್ಯಾಸ ನೆನಪಿನಲ್ಲಿರಲಿ.

ಕಾಡು ಸರ್ಕಾರದ್ದಲ್ಲವೇ? ಅರಣ್ಯ ಇಲಾಖೆ ಏನು ಮಾಡುತ್ತದೆ?

ಕರ್ನಾಟಕದಿಂದ ನೋಡುವವರಿಗೆ ಮೊದಲು ಗೊಂದಲವಾಗುವುದು ಇಲ್ಲಿಯೇ. ನಮ್ಮಲ್ಲಿ ಸರ್ಕಾರಿ ಅರಣ್ಯ ಭೂಮಿಯಲ್ಲಿ ನೆಡುವುದು, ಕಡಿಸುವುದು, ಕಳ್ಳಸಾಗಣೆಯವರನ್ನು ಹಿಡಿಯುವುದು ಎಲ್ಲವೂ ಒಂದೇ ಇಲಾಖೆಯ ಸುಪರ್ದಿಯಲ್ಲಿದೆ. ನ್ಯೂಜಿಲೆಂಡ್ 1987ರಲ್ಲಿ ತನ್ನ ಅರಣ್ಯ ಇಲಾಖೆಯನ್ನೇ ಮುಚ್ಚಿತು. ಸರ್ಕಾರದ ನೈಸರ್ಗಿಕ ಕಾಡುಗಳು ಬಹುತೇಕ ಹೊಸದಾಗಿ ಹುಟ್ಟಿದ ಸಂರಕ್ಷಣಾ ಇಲಾಖೆಗೆ ಹೋದವು. ಪೈನ್ ನೆಡುತೋಪುಗಳ ಕಡಿತಲೆ ಹಕ್ಕನ್ನು 1990ರ ದಶಕದಲ್ಲಿ ಖಾಸಗಿಯವರಿಗೆ ಮಾರಲಾಯಿತು. ಕೆಲವೆಡೆ ಕೆಳಗಿನ ನೆಲ ಮುಂದೆ ಒಪ್ಪಂದಗಳ ಮೂಲಕ ಮಾವೊರಿ ಬುಡಕಟ್ಟುಗಳಿಗೆ ಮರಳಿತು, ಮೇಲಿನ ಮರ ಮಾತ್ರ ಕಂಪನಿಯದಾಗಿ ಉಳಿಯಿತು.

ಹೀಗಾಗಿ ಮರ ಬೆಳೆಸುವವರೇ ಬೇರೆ, ಅವರ ಮೇಲೆ ಕಣ್ಣಿಡುವವರೇ ಬೇರೆ. ಈ ವಿಂಗಡಣೆ ಒಳ್ಳೆಯದೆಂದೇ ನನ್ನ ಭಾವನೆ. ತನ್ನ ಕೆಲಸಕ್ಕೆ ತಾನೇ ಅಂಕ ಕೊಟ್ಟುಕೊಳ್ಳುವ ಇಲಾಖೆಯನ್ನು ನಂಬುವುದು ಕಷ್ಟ.

ಉದ್ಯಮ ಎಷ್ಟು ದೊಡ್ಡದು?

ಸುಮಾರು 17ರಿಂದ 18 ಲಕ್ಷ ಹೆಕ್ಟೇರ್ ನೆಡುತೋಪು. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ರೇಡಿಯಾಟಾ ಪೈನ್ ಎಂಬ ಒಂದೇ ಜಾತಿ. ಕ್ಯಾಲಿಫೋರ್ನಿಯಾ ಕರಾವಳಿಯ ಈ ಮರ ಇಲ್ಲಿ 28 ವರ್ಷದ ಆಸುಪಾಸಿನಲ್ಲೇ ಕಡಿತಲೆಗೆ ಬರುತ್ತದೆ. ಅರಣ್ಯೋತ್ಪನ್ನಗಳ ರಫ್ತು ವರ್ಷಕ್ಕೆ 600 ಕೋಟಿ ನ್ಯೂಜಿಲೆಂಡ್ ಡಾಲರ್ ಆಸುಪಾಸಿನಲ್ಲಿದೆ. ದಿಮ್ಮಿಗಳ ಬಹುಪಾಲು ಚೀನಾಕ್ಕೆ ಹೋಗುತ್ತದೆ.

ಯಾವ ಕಾನೂನಿನಡಿ ಮಂಡಳಿಗೆ ಅಧಿಕಾರ ಬರುತ್ತದೆ?

1991ರ ಸಂಪನ್ಮೂಲ ನಿರ್ವಹಣಾ ಕಾಯ್ದೆಯಿಂದ. ಭೂಮಿ, ನೀರು, ಗಾಳಿ, ಕರಾವಳಿಗೆ ಸಂಬಂಧಿಸಿದ ಹತ್ತಾರು ಹಳೆಯ ಕಾನೂನುಗಳನ್ನು ತೆಗೆದುಹಾಕಿ ಒಂದೇ ಸೂರಿನಡಿ ತಂದ ಕಾಯ್ದೆ ಇದು. ಅದನ್ನು ಬದಲಿಸಬೇಕೆಂಬ ಕೂಗು ಹಳೆಯದು. 2023ರ ಆಗಸ್ಟ್‌ನಲ್ಲಿ ಹೊಸ ಕಾಯ್ದೆಯೊಂದು ಬಂದೂ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊಸ ಸರ್ಕಾರ ಅದನ್ನು ರದ್ದು ಮಾಡಿತು. ಬದಲಾವಣೆಯ ಪ್ರಯತ್ನ ಅಲ್ಲಿಗೆ ನಿಂತಿಲ್ಲ. ಇಂಥ ಅನಿಶ್ಚಿತತೆಯಲ್ಲಿ 28 ವರ್ಷದ ಬೆಳೆಗೆ ಯೋಜನೆ ಮಾಡಬೇಕಾದವರ ಪಾಡು ಊಹಿಸಿ.

ಕಾಯ್ದೆಯ ಕೆಳಗೆ ಪ್ರತಿ ಮಂಡಳಿಯೂ ತನ್ನದೇ ಯೋಜನೆ ಮತ್ತು ನಿಯಮ ಬರೆದುಕೊಂಡಿತ್ತು. ಎರಡು ಮಂಡಳಿಗಳ ಗಡಿಯಲ್ಲಿ ತೋಪು ಇದ್ದರೆ ಬೆಟ್ಟದ ಈ ಬದಿಗೆ ಒಂದು ನಿಯಮ, ಆ ಬದಿಗೆ ಇನ್ನೊಂದು. ಉದ್ಯಮ ಬಹುಕಾಲ ದೂರಿದ ಮೇಲೆ 2018ರ ಮೇ 1ರಂದು ದೇಶಕ್ಕೆಲ್ಲ ಒಂದೇ ಆದ ರಾಷ್ಟ್ರೀಯ ಪರಿಸರ ಮಾನದಂಡಗಳು ಜಾರಿಗೆ ಬಂದವು. ಕಂಪನಿಗಳು, ಮಂಡಳಿಗಳು, ಪರಿಸರ ಸಂಘಟನೆಗಳು, ಕೇಂದ್ರ ಸರ್ಕಾರ ವರ್ಷಗಟ್ಟಲೆ ಕೂತು ಹೊಸೆದ ದಾಖಲೆ ಅದು. ಗಿಡ ನೆಡುವುದು, ಸವರುವುದು ಮತ್ತು ತೆಳುಗೊಳಿಸುವುದು, ಮಣ್ಣು ಕೆಲಸ, ತೊರೆ ದಾಟುವ ರಚನೆಗಳು, ಕಲ್ಲು ಗಣಿ, ಕಡಿತಲೆ, ಯಂತ್ರದಿಂದ ನೆಲ ಹದಗೊಳಿಸುವುದು, ಮರುನೆಡುವಿಕೆ ಎಂಬ ಎಂಟು ಕೆಲಸಗಳಿಗೂ ಅದರಲ್ಲಿ ಷರತ್ತುಗಳಿವೆ. ಷರತ್ತು ಪಾಲಿಸಿದರೆ ಪ್ರತ್ಯೇಕ ಅನುಮತಿ ಬೇಡ. ಪಾಲಿಸಲಾಗದಿದ್ದರೆ ಮಂಡಳಿಗೆ ಅರ್ಜಿ ಹಾಕಬೇಕು.

ಹಸಿರು, ಹಳದಿ, ಕಿತ್ತಳೆ, ಕೆಂಪು ವಲಯಗಳೆಂದರೇನು?

ಮಣ್ಣು ಸವೆಯುವ, ಜಾರುವ ಅಪಾಯದ ಪ್ರಕಾರ ದೇಶದ ನೆಲವನ್ನೆಲ್ಲ ನಾಲ್ಕು ಬಣ್ಣಗಳಲ್ಲಿ ಗುರುತಿಸಿದ, ಈ ಮಾನದಂಡಗಳಿಗೆ ಆಧಾರವಾದ ನಕ್ಷೆ. ಹಸಿರು, ಹಳದಿಯಲ್ಲಿ ಹೆಚ್ಚಿನ ಕೆಲಸಗಳಿಗೆ ಅನುಮತಿ ಬೇಕಿಲ್ಲ. ಕಿತ್ತಳೆಯಲ್ಲಿ ಇಳಿಜಾರು 25 ಡಿಗ್ರಿ ದಾಟಿದರೆ ದೊಡ್ಡ ಮಣ್ಣು ಕೆಲಸಕ್ಕೆ ಅನುಮತಿ ಬೇಕು. ಕೆಂಪಿನಲ್ಲಿ ಸಣ್ಣ ತುಂಡು ಭೂಮಿ ಬಿಟ್ಟು ಕಡಿತಲೆಗೂ ಬೇಕು.

ನಕ್ಷೆಯ ಮೂಲ ಮಾಹಿತಿ 1:50,000 ಪ್ರಮಾಣದ ಭೂ ಸಾಮರ್ಥ್ಯ ಸಮೀಕ್ಷೆಯದು. ಅಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ಇಡೀ ಗುಡ್ಡವನ್ನೇ ಎಳೆದುಕೊಂಡು ಹೋಗಬಲ್ಲ ಕೊರಕಲು ಈ ನಕ್ಷೆಯಲ್ಲಿ ಕಿರುಬೆರಳ ಉಗುರಿನಷ್ಟೂ ಕಾಣುವುದಿಲ್ಲ. ಕಿತ್ತಳೆಯ ಒಳಗೆ ಕೆಂಪಾಗಬೇಕಾದ ಪಟ್ಟಿಗಳಿವೆ, ಕೆಂಪಿನ ಒಳಗೆ ಯಾವ ಅಪಾಯವೂ ಇಲ್ಲದ ಸಮತಟ್ಟುಗಳಿವೆ. ಇದು ಮಂಡಳಿಯವರಿಗೂ ಕಂಪನಿಯವರಿಗೂ ಗೊತ್ತು. ಈಗ ವಿಮಾನದಿಂದ ಲೇಸರ್ ಹಾಯಿಸಿ ನೆಲದ ಏರಿಳಿತ ಅಳೆಯುವ ಲಿಡಾರ್ ಮಾಹಿತಿ ಬಂದಿರುವುದರಿಂದ ಇಬ್ಬರೂ ಒಂದೇ ಪರದೆಯ ಮುಂದೆ ಕೂತು ಆ ಕೊರಕಲನ್ನು ನೋಡುವುದು ಸಾಧ್ಯವಾಗಿದೆ. ಸಹಕಾರ ಎಂಬ ದೊಡ್ಡ ಮಾತಿಗೆ ನಿಜವಾದ ಅರ್ಥ ಬರುವುದು ಹೆಚ್ಚಾಗಿ ಇಂಥ ಕಡೆಗಳಲ್ಲಿ.

ಕಡಿಯುವ ಮೊದಲು ಕಂಪನಿ ಏನು ಮಾಡಬೇಕು?

ಕನಿಷ್ಠ 20 ಕೆಲಸದ ದಿನಗಳ ಮೊದಲು ಮಂಡಳಿಗೆ ನೋಟಿಸ್ ಕೊಡಬೇಕು. ಕಡಿತಲೆ ಯೋಜನೆ ಸಿದ್ಧವಿರಬೇಕು: ಯಾವ ತುಂಡು, ಯಾವ ರಸ್ತೆ, ತೊರೆಗಳು ಎಲ್ಲಿ, ದಿಮ್ಮಿಯನ್ನು ಯಾವ ದಿಕ್ಕಿಗೆ ಎಳೆಯುತ್ತೀರಿ, ಉಳಿದ ಕಸ ಎಲ್ಲಿ ಹಾಕುತ್ತೀರಿ, ಜೋರು ಮಳೆಯ ಮುನ್ಸೂಚನೆ ಬಂದರೆ ಏನು ಮಾಡುತ್ತೀರಿ. ಗಾಳಿಗೆ ಬಿದ್ದ ಮರ ಎತ್ತುವಂಥ ತುರ್ತಿಗೆ ಎರಡು ದಿನದ ನೋಟಿಸ್ ಸಾಕು.

ಹೊಸದಾಗಿ ನೆಡುವಾಗಲೂ ಅಂತರ ಬಿಡಬೇಕು. 3 ಮೀಟರ್‌ಗಿಂತ ಕಿರಿದಾದ, ವರ್ಷವಿಡೀ ಹರಿಯುವ ತೊರೆಗೆ 5 ಮೀಟರ್, ಅದಕ್ಕಿಂತ ಅಗಲವಾದ ನದಿಗೆ 10, ಸಮುದ್ರಕ್ಕೆ 30. ಐದು ಮೀಟರ್ ಎಂದರೆ ಒಂದು ಕಾರು ಉದ್ದುದ್ದ ನಿಂತಷ್ಟು ಜಾಗ. ಕಡಿದಾದ ಗುಡ್ಡದಲ್ಲಿ ಅದು ಯಾತಕ್ಕೂ ಸಾಲದು ಎಂದು ಸಂರಕ್ಷಣಾವಾದಿಗಳು ಹೇಳುತ್ತಾರೆ. ನನಗೂ ಹಾಗೆಯೇ ಕಾಣುತ್ತದೆ.

ಸ್ಥಳ ತಪಾಸಣೆಗೆ ಬಂದ ಮಂಡಳಿಯ ಅಧಿಕಾರಿ ಏನನ್ನು ನೋಡುತ್ತಾರೆ?

ಮರವನ್ನಂತೂ ಅಲ್ಲ. ಅವರ ಕಣ್ಣೆಲ್ಲ ನೀರಿನ ದಾರಿಯ ಮೇಲಿರುತ್ತದೆ.

ಕಡಿದಾದ ಗುಡ್ಡಗಳಲ್ಲಿ ಕಡಿತಲೆ ನಡೆಯುವ ರೀತಿ ಹೀಗಿದೆ. ಗುಡ್ಡದ ನೆತ್ತಿಯನ್ನು ಬುಲ್ಡೋಜರ್‌ನಿಂದ ಕಡಿದು ಸಮತಟ್ಟಾದ ಅಂಗಳ ಮಾಡುತ್ತಾರೆ. ಕಡಿದ ಮಣ್ಣನ್ನು ಅಂಚಿಗೆ ತಳ್ಳಿ ಅಂಗಳವನ್ನು ಇನ್ನಷ್ಟು ಅಗಲಿಸುತ್ತಾರೆ. ಅಲ್ಲಿ ಉಕ್ಕಿನ ಎತ್ತರದ ಕಂಬವುಳ್ಳ ಯಂತ್ರ ನಿಲ್ಲಿಸಿ, ಇಳಿಜಾರಿನಲ್ಲಿ ಉರುಳಿಸಿದ ಮರಗಳನ್ನು ಉಕ್ಕಿನ ಹಗ್ಗದಿಂದ ಮೇಲಕ್ಕೆ ಎಳೆಯುತ್ತಾರೆ. ಅಂಗಳದಲ್ಲಿ ಕೊಂಬೆ ಸವರಿ, ಗಿರಾಕಿ ಕೇಳಿದ ಉದ್ದಕ್ಕೆ ತುಂಡು ಮಾಡಿ ಲಾರಿಗೆ ತುಂಬುತ್ತಾರೆ. ತುದಿ, ಬುಡದ ಚೂರು, ಡೊಂಕು ತುಂಡು ಎಲ್ಲವೂ ಅಂಗಳದ ಅಂಚಿನಲ್ಲಿ ರಾಶಿ ಬೀಳುತ್ತದೆ. ಕೆಲಸಗಾರರು ಇಂಥ ರಾಶಿಗೆ ಹಕ್ಕಿಗೂಡು ಎಂಬ ಮುದ್ದಾದ ಹೆಸರಿಟ್ಟಿದ್ದಾರೆ. ಕೆಳಗಿರುವುದು ತುಂಬಿದ ಸಡಿಲ ಮಣ್ಣು, ಮೇಲಿರುವುದು ನೂರಾರು ಟನ್ ಹಸಿ ಮರ. ಅಂಗಳದ ನೀರು ಹರಿದುಹೋಗಲು ಚರಂಡಿ ಇಲ್ಲದಿದ್ದರೆ ಅದೆಲ್ಲ ಈ ಅಂಚಿಗೇ ಇಂಗುತ್ತದೆ. ಎರಡು ದಿನ ಬಿಡದೆ ಮಳೆ ಸುರಿದರೆ ಅಂಚು ರಾಶಿಯ ಸಮೇತ ಕೊರಕಲಿಗೆ ಇಳಿಯುತ್ತದೆ.

ಆದ್ದರಿಂದ ಅಧಿಕಾರಿ ಅಂಗಳದ ಅಂಚಿನಲ್ಲಿ ಬಿರುಕು ಕಾಣುತ್ತದೆಯೇ ಎಂದು ನಡೆದು ನೋಡುತ್ತಾರೆ. ರಾಶಿಯನ್ನು ಗಟ್ಟಿ ನೆಲಕ್ಕೆ ಹಿಂದೆ ಎಳೆದಿದ್ದಾರೆಯೇ, ರಸ್ತೆಗೆ ಅಡ್ಡಲಾಗಿ ನೀರು ತಿರುಗಿಸುವ ದಿಬ್ಬಗಳಿವೆಯೇ, ಮೋರಿಯ ಬಾಯಿ ಕಟ್ಟಿದೆಯೇ ನೋಡುತ್ತಾರೆ. ಮೋರಿಯ ಕೆಳತುದಿ ತೊರೆಯ ತಳಕ್ಕಿಂತ ಮೇಲೆ ನೇತಾಡುತ್ತಿದ್ದರೆ ಅದೂ ತಪ್ಪು. ಇನಂಗ ಎಂಬ ಬೆರಳುದ್ದದ ಸ್ಥಳೀಯ ಮೀನಿಗೆ ಹತ್ತಲು ಬರುವುದಿಲ್ಲ. ಒಂದು ಗೇಣು ಎತ್ತರದ ಧುಮುಕು ಇದ್ದರೂ ಮೇಲಿನ ತೊರೆ ಅದರ ಪಾಲಿಗೆ ಇಲ್ಲವಾಗುತ್ತದೆ.

ಇವುಗಳಲ್ಲಿ ಹೆಚ್ಚಿನವನ್ನು ಅರ್ಧ ದಿನದ ಯಂತ್ರದ ಕೆಲಸದಲ್ಲಿ ಸರಿಪಡಿಸಬಹುದು. ಅಧಿಕಾರಿ ತೋರಿಸುತ್ತಾರೆ, ಮೇಸ್ತ್ರಿ ಸರಿಮಾಡಿಸಿ ಫೋಟೊ ಕಳಿಸುತ್ತಾರೆ. ಯಾವ ಪತ್ರಿಕೆಯಲ್ಲೂ ಬಾರದ ಈ ವ್ಯವಹಾರವೇ ಇಡೀ ವ್ಯವಸ್ಥೆಯ ಅತ್ಯುತ್ತಮ ಭಾಗ.

ಉಳಿದ ಕಸವನ್ನು ಪೂರ್ತಿ ಹೊತ್ತು ತಂದುಬಿಟ್ಟರೆ ಆಗುವುದಿಲ್ಲವೇ?

ಈ ಕಸವನ್ನು ಅಲ್ಲಿ ಸ್ಲ್ಯಾಶ್ ಎನ್ನುತ್ತಾರೆ. ತರಬಹುದು, ಆದರೆ ಖರ್ಚು ಮರದ ಬೆಲೆಯನ್ನೇ ನುಂಗುತ್ತದೆ. ಬಂದರು ಹತ್ತಿರವಿದ್ದು, ಮರದ ಚೂರು ಉರಿಸುವ ಬಾಯ್ಲರ್ ಅಥವಾ ಪಲ್ಪ್ ಗಿರಣಿ ಪಕ್ಕದಲ್ಲಿದ್ದರೆ ಲೆಕ್ಕ ಸರಿಹೋಗಬಹುದು. ಕಡಿದಾದ ಒಳನಾಡಿನ ಮಣ್ಣು ರಸ್ತೆಯಲ್ಲಿ ಅಷ್ಟು ದೂರ ಹೊತ್ತು ತಂದ ಚೂರಿಗೆ ಕೊಳ್ಳುವವರಿಲ್ಲ. ಅದೂ ಅಲ್ಲದೆ ಸ್ವಲ್ಪ ಸೊಪ್ಪು, ಸಣ್ಣ ಕೊಂಬೆ ನೆಲದ ಮೇಲೆ ಉಳಿದರೆ ಮಣ್ಣಿಗೆ ಒಳ್ಳೆಯದೇ. ತೊಂದರೆ ಕೊಡುವುದು ದೊಡ್ಡ ತುಂಡುಗಳು.

2018ರಲ್ಲಿ ತೊಲಾಗಾ ಬೇಯಲ್ಲಿ ನಡೆದದ್ದೇನು?

ರಾಷ್ಟ್ರೀಯ ಮಾನದಂಡ ಜಾರಿಗೆ ಬಂದು ಇನ್ನೂ ಐದು ವಾರವಾಗಿರಲಿಲ್ಲ. ಜೂನ್ ಮೊದಲ ವಾರಾಂತ್ಯ, ರಾಣಿಯ ಹುಟ್ಟುಹಬ್ಬದ ರಜೆ. ಗಿಸ್ಬರ್ನ್‌ನ ಉತ್ತರಕ್ಕೆ ತೊಲಾಗಾ ಬೇ ಹಿಂಬದಿಯ ಗುಡ್ಡಗಳ ಮೇಲೆ ಭಾರಿ ಮಳೆ ಬಿತ್ತು. ಹಳೆಯ ಅನುಮತಿಗಳಡಿ ಕಡಿದಿದ್ದ ತೋಪುಗಳಲ್ಲಿ ಅಂಗಳಗಳು ಕುಸಿದವು, ಬೋಳಾದ ಇಳಿಜಾರುಗಳು ಜಾರಿದವು. ದಿಮ್ಮಿ, ಕೊಂಬೆ, ಕೆಸರು ಒಟ್ಟಾಗಿ ಕೊರಕಲುಗಳನ್ನು ಕೊರೆದುಕೊಂಡು ನದಿಗೆ ಇಳಿದವು. ಹೊಲ, ಬೇಲಿ, ಸೇತುವೆ ಎಲ್ಲಕ್ಕೂ ಪೆಟ್ಟು ಬಿತ್ತು. 660 ಮೀಟರ್ ಉದ್ದದ ಹಳೆಯ ಹಡಗುಕಟ್ಟೆಗೆ ಹೆಸರಾದ ಆ ಊರಿನ ಕಡಲತೀರದಲ್ಲಿ ಮರಳು ಕಾಣದಷ್ಟು ಮರ ಬಂದು ಬಿದ್ದಿತ್ತು.

ಅಂಥ ಗುಡ್ಡಗಳ ಮೇಲೆ ಪೈನ್ ನೆಟ್ಟವರು ಯಾರು, ಏಕೆ?

ಇಲ್ಲಿ ಉತ್ತರ ಉದ್ದವಾಗುತ್ತದೆ, ಕ್ಷಮಿಸಿ. ಕಂಪನಿಗಳನ್ನು ಬೈದು ಮುಗಿಸುವವರು ಈ ಭಾಗವನ್ನು ಹಾರಿಸುತ್ತಾರೆ.

ಗಿಸ್ಬರ್ನ್ ಸೀಮೆಯ ಗುಡ್ಡಗಳು ಸಮುದ್ರತಳದಿಂದ ಎದ್ದ ಮೆತ್ತನೆಯ ಮಣ್ಣುಕಲ್ಲಿನವು. ವಲಸಿಗರು ಕುರಿ ಮೇಯಿಸಲು ಅಲ್ಲಿನ ಮೂಲ ಕಾಡನ್ನು ಕಡಿದು ಸುಟ್ಟರು. ಕೆಲವೇ ದಶಕಗಳಲ್ಲಿ ಗುಡ್ಡಗಳು ಬಾಯಿಬಿಟ್ಟವು. ವೈಆಪು ನದಿ ಈಗ ವರ್ಷಕ್ಕೆ ಸುಮಾರು 3.5 ಕೋಟಿ ಟನ್ ಹೂಳನ್ನು ಸಮುದ್ರಕ್ಕೆ ಒಯ್ಯುತ್ತದೆ. ಆ ಗಾತ್ರದ ನದಿಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಹೂಳು ಹೊರುವವುಗಳಲ್ಲಿ ಅದೂ ಒಂದು. 1960ರಲ್ಲಿ ಸರ್ಕಾರ ಮಂಗಟುವಿನಲ್ಲಿ ಪೈನ್ ನೆಡಲು ಆರಂಭಿಸಿದ್ದು ಮರ ಮಾರಲಿಕ್ಕಲ್ಲ, ಮಣ್ಣು ಹಿಡಿಯಲಿಕ್ಕೆ.

1988ರ ಮಾರ್ಚ್‌ನಲ್ಲಿ ಬೋಲಾ ಚಂಡಮಾರುತ ಬಂತು. ಕೆಲವು ಕಡೆ 900 ಮಿಲಿಮೀಟರ್‌ಗೂ ಹೆಚ್ಚು ಮಳೆ. ಆಮೇಲೆ ಅಳೆದು ನೋಡಿದರೆ ಬರಿಯ ಹುಲ್ಲುಗಾವಲಿನಲ್ಲೂ ಎಳೆಯ ತೋಪುಗಳಲ್ಲೂ ಗುಡ್ಡ ಕುಸಿತ ವಿಪರೀತವಾಗಿತ್ತು. ಎಂಟು ವರ್ಷ ದಾಟಿದ ಪೈನ್ ಮತ್ತು ನೈಸರ್ಗಿಕ ಕಾಡಿನಲ್ಲಿ ಅದು ಎಷ್ಟೋ ಪಟ್ಟು ಕಡಿಮೆಯಿತ್ತು. ಪಾಠ ಸ್ಪಷ್ಟವಾಗಿ ಕಂಡಿತು: ಮರ ನೆಡಿ. 1992ರಲ್ಲಿ ಸರ್ಕಾರ ಸಹಾಯಧನದ ಯೋಜನೆ ತಂದಿತು, ತೋಪುಗಳು ಹಬ್ಬಿದವು. ಹಾಗೆ ನೆಡುವಾಗ ಮುಂದೆ ಇವನ್ನು ಕಡಿಯುವ ದಿನ ಬಂದರೆ ಏನು ಎಂಬ ಪ್ರಶ್ನೆಗೆ ಗಟ್ಟಿಯಾದ ಉತ್ತರ ಯಾರ ಬಳಿಯೂ ಇರಲಿಲ್ಲ.

ಪೈನ್ ಕಡಿದ ಮೇಲೆ ಅದರ ಬೇರು ಬೇಗ ಕೊಳೆಯುತ್ತದೆ. ಹೊಸ ಸಸಿಯ ಬೇರು ಗುಡ್ಡವನ್ನು ಬಿಗಿಹಿಡಿಯಲು ವರ್ಷಗಳು ಬೇಕು. ಕಡಿದ ಒಂದೆರಡು ವರ್ಷದಿಂದ ಆರೇಳು ವರ್ಷದವರೆಗೆ ಗುಡ್ಡಕ್ಕೆ ಹಳೆಯ ಬೇರಿನ ಆಸರೆಯೂ ಇಲ್ಲ, ಹೊಸದರದ್ದೂ ಇಲ್ಲ. ಒಂದೇ ಕಾಲದಲ್ಲಿ ನೆಟ್ಟ ತೋಪುಗಳು ಒಂದೇ ಕಾಲದಲ್ಲಿ ಕಡಿತಲೆಗೆ ಬಂದಾಗ ಇಡೀ ಕಣಿವೆಯೇ ಈ ಸ್ಥಿತಿಯಲ್ಲಿ ಮಳೆಗೆ ಮೈಯೊಡ್ಡಿ ನಿಲ್ಲುತ್ತದೆ.

ಕಂಪನಿಗಳಿಗೆ ಶಿಕ್ಷೆಯಾಯಿತೇ?

ಆಯಿತು. ಗಿಸ್ಬರ್ನ್ ಜಿಲ್ಲಾ ಮಂಡಳಿ 2018ರ ಘಟನೆಗಳ ಮೇಲೆ ಹಲವು ಕಂಪನಿಗಳ ವಿರುದ್ಧ ಮೊಕದ್ದಮೆ ಹೂಡಿತು. 2019ರಿಂದ ಒಂದೊಂದಾಗಿ ತೀರ್ಪುಗಳು ಬಂದವು. ಕೆಲವು ಕಂಪನಿಗಳಿಗೆ 3 ಲಕ್ಷ ಡಾಲರ್‌ಗೂ ಮೀರಿದ ದಂಡ ಬಿತ್ತು. ಆಗ ಕಂಪನಿಯೊಂದಕ್ಕೆ ಕಾಯ್ದೆಯಡಿ ಹಾಕಬಹುದಾಗಿದ್ದ ಗರಿಷ್ಠ ದಂಡ 6 ಲಕ್ಷ. 2025ರ ತಿದ್ದುಪಡಿ ಅದನ್ನು 1 ಕೋಟಿ ಡಾಲರ್‌ಗೆ ಏರಿಸಿದೆ.

ಒಂದು ಕೈಯಲ್ಲಿ ಮೊಕದ್ದಮೆ, ಇನ್ನೊಂದು ಕೈಯಲ್ಲಿ ಸಹಕಾರ. ಇದು ನಡೆಯುವ ಮಾತೇ?

ನಡೆಯುತ್ತದೆ, ನಡೆಯಲೇಬೇಕು. ‘ಈ ಗುಡ್ಡ ಬೇಡ’ ಎನ್ನುವ ಅಧಿಕಾರ ಮಂಡಳಿಗಿದ್ದಾಗ ಮಾತ್ರ ಕಂಪನಿ ಮಂಡಳಿಯ ಮಾತಿಗೆ ಬೆಲೆ ಕೊಡುತ್ತದೆ. ಆ ಅಧಿಕಾರವಿಲ್ಲದ ಕಡೆ ನಡೆಯುವ ಜಂಟಿ ಸಭೆಗಳು ಚಹಾ ಬಿಸ್ಕತ್ತಿನೊಂದಿಗೆ ಮುಗಿಯುತ್ತವೆ. ಹಾಗೆಂದು ಬರೀ ನ್ಯಾಯಾಲಯದಿಂದ ಗುಡ್ಡ ನಿಲ್ಲುವುದಿಲ್ಲ. ತೀರ್ಪು ಬರುವ ಹೊತ್ತಿಗೆ ಮಣ್ಣು ಸಮುದ್ರ ಸೇರಿ ವರ್ಷಗಳಾಗಿರುತ್ತವೆ. ಕಂಪನಿಯ ಒಳಗಿನ ಪರಿಸರ ವ್ಯವಸ್ಥಾಪಕರಿಗೂ ಮಂಡಳಿಯ ಬಿಗಿ ಬೇಕು. ‘ಮಂಡಳಿ ಒಪ್ಪುವುದಿಲ್ಲ’ ಎಂದು ತಮ್ಮ ಮಾಲೀಕರಿಗೆ ಹೇಳಲು ಅವರಿಗೊಂದು ಆಧಾರ ಸಿಗುತ್ತದೆ.

2023ರ ಚಂಡಮಾರುತದ ನಂತರ ಏನು ಬದಲಾಯಿತು?

ಆ ವರ್ಷ ಜನವರಿಯಲ್ಲಿ ಹೇಲ್, ಫೆಬ್ರುವರಿಯಲ್ಲಿ ಗೇಬ್ರಿಯಲ್ ಚಂಡಮಾರುತ ಬಂದವು. ನಡುವೆ ಗಿಸ್ಬರ್ನ್‌ನ ಕಡಲತೀರದಲ್ಲಿ ಅಲೆಯಲ್ಲಿ ತೇಲುತ್ತಿದ್ದ ದಿಮ್ಮಿಯೊಂದು ಬಡಿದು ಬಾಲಕನೊಬ್ಬ ಸತ್ತ. ಗೇಬ್ರಿಯಲ್‌ಗೆ ದೇಶದಲ್ಲಿ 11 ಜನ ಬಲಿಯಾದರು. ಸ್ಥಳೀಯರ ಒತ್ತಾಯಕ್ಕೆ ಮಣಿದು ಸರ್ಕಾರ ಮಾಜಿ ಸಚಿವೆ ಹೆಕಿಯಾ ಪರಾಟಾ ಅವರ ಅಧ್ಯಕ್ಷತೆಯಲ್ಲಿ ಭೂಬಳಕೆ ವಿಚಾರಣಾ ಸಮಿತಿ ನೇಮಿಸಿತು. ಮೇ ತಿಂಗಳಲ್ಲಿ ವರದಿ ಬಂತು. ಅದು ಕಂಪನಿಗಳನ್ನು, ಮಂಡಳಿಯನ್ನು, ಕೇಂದ್ರ ಸರ್ಕಾರವನ್ನು ಮೂವರನ್ನೂ ತರಾಟೆಗೆ ತೆಗೆದುಕೊಂಡಿತು. ಒಂದು ಸಲಕ್ಕೆ 40 ಹೆಕ್ಟೇರ್‌ಗಿಂತ ಹೆಚ್ಚು, ಒಂದು ಜಲಾನಯನದಲ್ಲಿ ವರ್ಷಕ್ಕೆ ಶೇ 5ಕ್ಕಿಂತ ಹೆಚ್ಚು ಸಂಪೂರ್ಣ ಕಡಿತಲೆ ಮಾಡಬಾರದೆಂದು ಶಿಫಾರಸು ಮಾಡಿತು.

ಅದೇ ವರ್ಷದ ನವೆಂಬರ್ 3ರಿಂದ ಮಾನದಂಡಗಳ ಪರಿಷ್ಕೃತ ರೂಪ ಜಾರಿಗೆ ಬಂತು. ಕಿತ್ತಳೆ ಮತ್ತು ಕೆಂಪು ವಲಯಗಳಲ್ಲಿ 2 ಮೀಟರ್‌ಗಿಂತ ಉದ್ದ, ದಪ್ಪ ತುದಿಯಲ್ಲಿ 10 ಸೆಂಟಿಮೀಟರ್‌ಗಿಂತ ಹೆಚ್ಚು ವ್ಯಾಸದ ಗಟ್ಟಿ ತುಂಡುಗಳನ್ನು, ತೆಗೆಯುವುದು ಅಪಾಯಕರವಲ್ಲದಿದ್ದರೆ, ತೆಗೆಯಲೇಬೇಕು. ಉಳಿಯುವುದು ಹೆಕ್ಟೇರಿಗೆ 15 ಘನ ಮೀಟರ್ ಮೀರಬಾರದು.

ಹಾಳೆಯ ಮೇಲೆ ಚೆನ್ನಾಗಿದೆ. ಆದರೆ ಮೂವತ್ತು ಡಿಗ್ರಿ ಇಳಿಜಾರಿನಲ್ಲಿ, ಮೊಣಕಾಲುದ್ದ ಸೊಪ್ಪಿನ ಕೆಳಗೆ 15 ಘನ ಮೀಟರ್ ಇದೆಯೋ 25 ಇದೆಯೋ ಎಂದು ಅಳೆಯುವವರು ಯಾರು? ಡ್ರೋನ್ ಚಿತ್ರಗಳು, ಮಾದರಿ ಪಟ್ಟಿಗಳು ಎಂದು ಎರಡೂ ಕಡೆಯವರು ತಲೆ ಕೆಡಿಸಿಕೊಂಡರು. ಒಂದು ಅಂಕಿಯ ಬದಲು ಪ್ರತಿ ಸ್ಥಳದಲ್ಲೂ ಈ ಮರ ಜಾರಿ ನೀರಿಗೆ ಬೀಳುವ ಅಪಾಯವೆಷ್ಟು ಎಂದು ಅಂದಾಜಿಸುವ ಕ್ರಮ ಬರಲಿ ಎಂಬ ಪ್ರಸ್ತಾವವನ್ನು ಸರ್ಕಾರ 2025ರಲ್ಲಿ ಸಾರ್ವಜನಿಕ ಸಮಾಲೋಚನೆಗೆ ಇಟ್ಟಿತು. ತರ್ಕ ಸರಿಯೇ. ಅಂದಾಜಿಸುವವರು ಕಂಪನಿಯವರೇ ಆದರೆ ಅದನ್ನು ಪರಿಶೀಲಿಸುವಷ್ಟು ನುರಿತ ಜನ ಮಂಡಳಿಯಲ್ಲಿರಬೇಕು, ಅಷ್ಟೇ.

ಬಂದು ಬಿದ್ದ ಮರ ಯಾರದೆಂದು ಹೇಗೆ ತಿಳಿಯುತ್ತದೆ?

ತುದಿ ನೋಡುತ್ತಾರೆ. ಗರಗಸದ ನೇರ ಕೊಯ್ತ ಇದ್ದರೆ ಕಡಿತಲೆಯ ಕಸ. ಬೇರಿನ ಬುಡ ಸಮೇತ ಬಂದಿದ್ದರೆ ನಿಂತ ಮರ ಗುಡ್ಡದೊಂದಿಗೆ ಜಾರಿದ್ದು. ಗಿಸ್ಬರ್ನ್‌ನ ದಕ್ಷಿಣಕ್ಕಿರುವ ಹಾಕ್ಸ್ ಬೇ ಕಡೆ 2023ರಲ್ಲಿ ನದಿದಂಡೆಯ ವಿಲ್ಲೋ, ಪಾಪ್ಲರ್ ಮರಗಳೂ ಸಾಕಷ್ಟು ಕೊಚ್ಚಿಬಂದಿದ್ದವು. ಪ್ರವಾಹ ತಡೆಯಲೆಂದು ಅಂಥ ಮರಗಳನ್ನು ದಂಡೆಯಲ್ಲಿ ನೆಡಿಸುತ್ತ ಬಂದವರಲ್ಲಿ ಮಂಡಳಿಗಳೂ ಇದ್ದವು. ಆಗ ವಾದದ ದನಿ ಎರಡೂ ಕಡೆ ಸ್ವಲ್ಪ ತಗ್ಗಿತು.

ಹೂಳಿನ ಮೂಲ ಪತ್ತೆ ಹಚ್ಚುವುದು ಇನ್ನೂ ಸೂಕ್ಷ್ಮ. ಪೈನ್, ಹುಲ್ಲು, ಮೂಲ ಕಾಡು ಇವುಗಳ ಬೇರಿನಿಂದ ಮಣ್ಣಿಗೆ ಸೇರುವ ಕೊಬ್ಬಿನಾಮ್ಲಗಳಲ್ಲಿ ಇಂಗಾಲದ ಐಸೊಟೋಪ್‌ಗಳ, ಅಂದರೆ ತೂಕದಲ್ಲಿ ಭಿನ್ನವಾದ ಇಂಗಾಲದ ಪರಮಾಣುಗಳ, ಪ್ರಮಾಣ ಬೇರೆಬೇರೆ. ನೀವಾ ಸಂಶೋಧನಾ ಸಂಸ್ಥೆ ಬೆಳೆಸಿದ ಈ ವಿಧಾನದಿಂದ ಕೊಲ್ಲಿಯ ತಳದ ಕೆಸರಿನಲ್ಲಿ ಯಾವ ಭೂಬಳಕೆಯ ಪಾಲು ಎಷ್ಟು ಎಂದು ಅಂದಾಜಿಸಬಹುದು. ಮಾರ್ಲ್‌ಬರೋ ಸೌಂಡ್ಸ್‌ನ ಕಿರಿದಾದ ಕಡಲ ತೋಳುಗಳಲ್ಲಿ, ಮಸ್ಸೆಲ್ ಚಿಪ್ಪು ಸಾಕಣೆಯೂ ಪೈನ್ ತೋಪೂ ಎದುರುಬದುರಾಗಿರುವ ಕಡೆ, ಇಂಥ ಲೆಕ್ಕಕ್ಕೆ ತುಂಬ ಮಹತ್ವ.

ಉದ್ಯಮ ತನ್ನಷ್ಟಕ್ಕೆ ಏನಾದರೂ ಮಾಡುತ್ತದೆಯೇ?

1991ರಲ್ಲೇ ಪರಿಸರ ಸಂಘಟನೆಗಳೊಂದಿಗೆ ಅರಣ್ಯ ಒಪ್ಪಂದ ಮಾಡಿಕೊಂಡು, ನೆಡುತೋಪಿಗಾಗಿ ನೈಸರ್ಗಿಕ ಕಾಡು ಕಡಿಯುವುದಿಲ್ಲವೆಂದು ಒಪ್ಪಿತು. ಅರಣ್ಯ ಮಾಲೀಕರ ಸಂಘ ಪರಿಸರ ನೀತಿಸಂಹಿತೆ, ರಸ್ತೆ ನಿರ್ಮಾಣದ ಕೈಪಿಡಿ, ಕ್ಷೇತ್ರ ಮಾರ್ಗದರ್ಶಿಗಳನ್ನು ತಂದಿದೆ. ಮಂಡಳಿಯ ಹೊಸ ಅಧಿಕಾರಿಗಳೂ ಇವನ್ನೇ ಓದಿ ಕಲಿಯುತ್ತಾರೆ. ಕಡಿದ ಮರದ ಮೇಲಿನ ಶುಲ್ಕದಿಂದ ಸಂಶೋಧನೆಗೂ ಹಣ ಹೋಗುತ್ತದೆ. ಸಣ್ಣ ರೈತರ ತೋಪುಗಳ ಕಥೆ ಬೇರೆ. ಜೀವಮಾನದಲ್ಲಿ ಒಮ್ಮೆ ಮಾತ್ರ ಕಡಿಸುವ ರೈತನಿಗೆ ಪರಿಸರ ವ್ಯವಸ್ಥಾಪಕ ಎಲ್ಲಿಂದ ಬರಬೇಕು? ಗುತ್ತಿಗೆದಾರ ಹೇಳಿದ್ದೇ ನಿಯಮ. ಮಂಡಳಿಗಳು ನಿಜವಾಗಿ ಕಾಲ ವ್ಯಯಿಸಬೇಕಾದದ್ದು ಇಂಥವರ ಜೊತೆ.

ಜಗಳವಿಲ್ಲದೆ ನಡೆದ ಕೆಲಸ ಯಾವುದು?

ತಾನಾಗಿ ಹಬ್ಬುವ ಕಾಡು ಪೈನ್‌ಗಳ ವಿರುದ್ಧದ ಹೋರಾಟ. ಬೀಜ ಗಾಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ಹಾರಿ ದಕ್ಷಿಣ ದ್ವೀಪದ ಹುಲ್ಲುಗಾವಲು ಎತ್ತರಗಳನ್ನು ನುಂಗುತ್ತಿದೆ. ಅದರಲ್ಲಿ ಕಂಟೋರ್ಟಾ ಪೈನ್ ಅತ್ಯಂತ ಕೆಟ್ಟದ್ದು. 2016ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಮಂಡಳಿಗಳು, ಸಂರಕ್ಷಣಾ ಇಲಾಖೆ, ರೈತರು, ಅರಣ್ಯ ಕಂಪನಿಗಳು ಒಟ್ಟಿಗೆ ಕೆಲಸ ಮಾಡುತ್ತಿವೆ. ಹೊಸ ತೋಪು ನೆಡುವ ಮೊದಲು ಜಾತಿ, ಗಾಳಿ, ಸುತ್ತಲಿನ ನೆಲ ನೋಡಿ ಅಂಕ ಹಾಕಬೇಕು. 12 ಅಥವಾ ಹೆಚ್ಚು ಬಂದರೆ ಮಂಡಳಿಯ ಅನುಮತಿ ಬೇಕು.

ಇನ್ನೊಂದು ಉದಾಹರಣೆ ಹಕ್ಕಿಯದು. ಕಾರೆಆರೆಆ ಎಂಬ ಸ್ಥಳೀಯ ಚಾಣ ಹಕ್ಕಿ ಹೊಸದಾಗಿ ಕಡಿದ ಬಯಲಿನಲ್ಲಿ ನೆಲದ ಮೇಲೇ ಮೊಟ್ಟೆ ಇಡುತ್ತದೆ. ಕೈಂಗರೋವಾ ತೋಪಿನಲ್ಲಿ ಅದರ ಸಂಖ್ಯೆ ಗಮನಾರ್ಹ. ಗೂಡು ಕಂಡರೆ ಸುತ್ತ ಯಂತ್ರ ನಿಲ್ಲಿಸುತ್ತಾರೆ. ಪೈನ್ ತೋಪನ್ನು ಹಸಿರು ಮರುಭೂಮಿ ಎನ್ನುವವರಿಗೆ ಇದು ಸ್ವಲ್ಪ ಕಸಿವಿಸಿ ಉಂಟುಮಾಡುವ ಸಂಗತಿ.

ಮಾವೊರಿಗಳ ಪಾತ್ರವೇನು?

ಅವರಲ್ಲಿ ನೆಲದ ಒಡೆಯರೂ ಇದ್ದಾರೆ, ಕಡಿತಲೆಯ ಕೂಲಿಗಳೂ ಇದ್ದಾರೆ, ಕೆಳಗಿನ ಹಳ್ಳಿಯಲ್ಲಿ ಕೆಸರು ಬಳಿಯುವವರೂ ಅವರೇ. ವೈಆಪು ಕಣಿವೆಯ ನಾಟಿ ಪೊರೊ ಬುಡಕಟ್ಟು 2014ರಲ್ಲಿ ಕೇಂದ್ರ ಸಚಿವಾಲಯ ಮತ್ತು ಗಿಸ್ಬರ್ನ್ ಮಂಡಳಿಯೊಂದಿಗೆ ನದಿಯ ಪುನಶ್ಚೇತನಕ್ಕೆ ಒಪ್ಪಂದ ಮಾಡಿಕೊಂಡಿತು. ಅವಧಿ ನೂರು ವರ್ಷ. ಈ ಪುಟದಲ್ಲಿರುವ ಅವಧಿಗಳಲ್ಲಿ ಗುಡ್ಡದ ಕಾಲಮಾನಕ್ಕೆ ಹೊಂದುವುದು ಅದೊಂದೇ.

ರಾಷ್ಟ್ರೀಯ ಮಾನದಂಡಕ್ಕಿಂತ ಬಿಗಿಯಾದ ನಿಯಮವನ್ನು ಮಂಡಳಿ ಮಾಡಬಹುದೇ?

ಕೆಲವು ವಿಷಯಗಳಲ್ಲಿ ಮಾಡಬಹುದು. ಸಿಹಿನೀರಿನ ರಕ್ಷಣೆ ಅದರಲ್ಲಿ ಮುಖ್ಯ. 2023ರ ಪರಿಷ್ಕರಣೆ ಹೊಸ ತೋಪು ಎಲ್ಲಿ ಬೇಡ ಎಂದು ಹೇಳುವ ಹೆಚ್ಚಿನ ಅವಕಾಶ ಕೊಟ್ಟಿತು. ಅದನ್ನು ಹಿಂತೆಗೆಯುವ ಪ್ರಸ್ತಾವ 2025ರ ಸಮಾಲೋಚನೆಯಲ್ಲಿತ್ತು. ಒಂದೇ ನಿಯಮವಿದ್ದರೆ ಖರ್ಚು ಕಡಿಮೆ ಎಂಬುದು ಉದ್ಯಮದ ವಾದ. ಕ್ಯಾಂಟರ್‌ಬರಿಯ ಬಯಲಿಗೂ ತೈರಾಫಿಟಿಯ ಜಾರುಗುಡ್ಡಕ್ಕೂ ಒಂದೇ ನಿಯಮ ಹೇಗೆ ಎಂಬುದು ಮಂಡಳಿಗಳ ವಾದ. ನಾನು ಮಂಡಳಿಗಳ ಪಕ್ಷ. ಮಳೆ ಬಂದಾಗ ಫೋನ್ ಎತ್ತಬೇಕಾದವರು ಅವರು.

ಮರ ಗಾಳಿಯ ಇಂಗಾಲ ಹೀರುವುದಕ್ಕೆ ಸಿಗುವ ಕಾರ್ಬನ್ ಗಳಿಕೆಗಾಗಿ ನೆಟ್ಟು ಹಾಗೇ ಬಿಡುವ ತೋಪುಗಳೂ ಈ ನಿಯಮಕ್ಕೆ ಒಳಪಡುತ್ತವೆಯೇ?

2023ರ ನವೆಂಬರ್‌ನಿಂದ ಒಳಪಡುತ್ತವೆ. ಅದಕ್ಕೂ ಮೊದಲು ಮಾನದಂಡಗಳು ಕಡಿಯಲೆಂದು ನೆಟ್ಟ ತೋಪಿಗೆ ಮಾತ್ರ ಅನ್ವಯವಾಗುತ್ತಿದ್ದವು.

ಇದಕ್ಕೂ ಭಾರತಕ್ಕೂ ಏನಾದರೂ ನಂಟಿದೆಯೇ?

ಇದೆ. ನ್ಯೂಜಿಲೆಂಡಿನ ಪೈನ್ ದಿಮ್ಮಿ ಬಹುಕಾಲ ಗುಜರಾತಿನ ಕಾಂಡ್ಲಾ ಬಂದರಿಗೆ ಬರುತ್ತಿತ್ತು. ಪ್ಯಾಕಿಂಗ್ ಪೆಟ್ಟಿಗೆ, ಕಟ್ಟಡದ ಸೆಂಟ್ರಿಂಗ್ ಹಲಗೆಗೆ ಅಗ್ಗದ ಮರ. ಕೀಟ ಬಾರದಂತೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿರಬೇಕೆಂಬುದು ಆಗ ಭಾರತದ ಷರತ್ತಾಗಿತ್ತು. ಆ ಅನಿಲ ಓಝೋನ್ ಪದರಕ್ಕೆ ಹಾನಿಕರ. ನ್ಯೂಜಿಲೆಂಡಿನ ಪರಿಸರ ಪ್ರಾಧಿಕಾರ 2023ರ ಆರಂಭದಿಂದ ಹಡಗಿನ ಒಡಲಿಗೆ ಅದನ್ನು ಹಾಕುವುದನ್ನು ನಿಲ್ಲಿಸಿದ ಮೇಲೆ ಈ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಬಿತ್ತು.

ನಾನು ನ್ಯೂಜಿಲೆಂಡಿನಲ್ಲಿ ನೆಲೆಸಿರುವ ಕನ್ನಡಿಗ. ಮಳೆಯ ನಂತರ ತೊರೆ ಕಂದು ಬಣ್ಣಕ್ಕೆ ತಿರುಗಿದ್ದು ಕಂಡರೆ ಏನು ಮಾಡಬೇಕು?

ನಿಮ್ಮ ಪ್ರಾದೇಶಿಕ ಮಂಡಳಿಯ ಮಾಲಿನ್ಯ ದೂರಿನ ಸಂಖ್ಯೆಗೆ ಫೋನ್ ಮಾಡಿ. ಜಾಗ, ಹೊತ್ತು ಹೇಳಿ, ಫೋಟೊ ಇದ್ದರೆ ಕಳಿಸಿ. ಎರಡು ತೊರೆ ಸೇರುವ ಕಡೆ ನಿಂತು ಒಂದು ತಿಳಿಯಾಗಿ, ಇನ್ನೊಂದು ಕೆಸರಾಗಿ ಬರುತ್ತಿರುವುದನ್ನು ಒಂದೇ ಚಿತ್ರದಲ್ಲಿ ತೆಗೆದರೆ ಅಧಿಕಾರಿಗೆ ಅರ್ಧ ಕೆಲಸ ಮುಗಿದಂತೆ. ಖಾಸಗಿ ತೋಪಿನೊಳಗೆ ಮಾತ್ರ ನುಗ್ಗಬೇಡಿ, ದಿಮ್ಮಿ ಲಾರಿಗಳು ಓಡಾಡುವ ರಸ್ತೆ ಅದು. ಮಂಡಳಿ ತನ್ನ ಯೋಜನೆ ಪರಿಷ್ಕರಿಸುವಾಗ ಯಾರು ಬೇಕಾದರೂ ಲಿಖಿತ ಅಭಿಪ್ರಾಯ ಕೊಟ್ಟು, ವಿಚಾರಣೆಯಲ್ಲಿ ಮಾತನಾಡಬಹುದು. ಅದಕ್ಕೆ ಪೌರತ್ವ ಬೇಕಿಲ್ಲ. ಕಾಯಂ ನಿವಾಸಿಯಾಗಿ, ದೇಶದಲ್ಲಿ ಒಂದು ವರ್ಷ ನಿರಂತರವಾಗಿ ವಾಸವಿದ್ದು, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಮೂರು ವರ್ಷಕ್ಕೊಮ್ಮೆ ನಡೆಯುವ ಸ್ಥಳೀಯ ಚುನಾವಣೆಯಲ್ಲಿ ಮತವನ್ನೂ ಹಾಕಬಹುದು. ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ.